ನಮ್ಮವ್ವನ ಮನೆಮಾತು

೧೧ ಜನವರಿ ೧೯೩೧, ರವಿವಾರ

ಖಾನೇಸುಮಾರಿಯ ಪುಸ್ತಕ ಇವತ್ತು ನನ್ನ ಕೈಗೆ ಬಂತು. ಆಳಂದದ ಕೋಟೆಯ ಅಗಸಿ ಹೊರಗಿನ ಪೇಟೆಯಲ್ಲಿ ಅರವತ್ತೊಂದು ಮನೆ. ಅಷ್ಟೂ ಜನರನ್ನು ಎಣಿಸಿ ಬರೆಯುವ ಕೆಲಸ ಮಾಸ್ತರ ಅಬ್ದುಲ್ ಗನಿಯದು, ಅಂದರೆ ನನ್ನದು. ಹೆಸರು, ವಯಸ್ಸು, ಧರ್ಮ, ಜಾತಿ, ಕಸುಬು, ಮನೆಮಾತು, ಕುರುಡರು ಮೂಕರು ಇದ್ದರೆ ಅದು. ಒಬ್ಬ ಮನುಷ್ಯನ ಬಗ್ಗೆ ಸರಕಾರಕ್ಕೆ ಎಷ್ಟೆಲ್ಲ ಬೇಕು. ಈಗ ಕಪ್ಪು ಶಾಯಿಯಲ್ಲಿ ಬರೆಯಬೇಕು. ಫೆಬ್ರುವರಿ ೨೬ರ ಸಂಜೆ ಮತ್ತೊಮ್ಮೆ ಮನೆಮನೆಗೆ ಹೋಗಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಬೇಕು.

ನಮ್ಮ ಮೇಲಿನವರು ಜಹೀರುದ್ದೀನ ಸಾಹೇಬರು. ಹೈದರಾಬಾದಿನವರು, ಸಭ್ಯಸ್ಥರು. ಹನ್ನೊಂದು ಜನ ಮಾಸ್ತರರನ್ನು ಕೂರಿಸಿಕೊಂಡು ಒಂದೇ ಮಾತನ್ನು ಮೂರು ಸಲ ಹೇಳಿದರು: ಕೇಳಿರಿ, ಅವರು ಹೇಳಿದ್ದನ್ನು ಬರೆಯಿರಿ, ನಿಮ್ಮ ತಲೆಯಿಂದ ಒಂದಕ್ಷರ ಸೇರಿಸಬೇಡಿರಿ. ಆಮೇಲೆ ಮಾದರಿ ಹಾಳೆಯನ್ನು ನನ್ನಿಂದ ಓದಿಸಿದರು. ನನ್ನ ಉರ್ದೂ ಕೇಳಿ ಖುಷಿಪಟ್ಟು, 'ಮನೆಯಲ್ಲೂ ಉರ್ದೂನೇ ಇರಬೇಕು, ಇಲ್ಲದಿದ್ದರೆ ಇಷ್ಟು ಸ್ವಚ್ಛ ಬರುವುದಿಲ್ಲ' ಎಂದರು. 'ಜೀ ಸಾಹೇಬ್' ಎಂದೆ. ಪಕ್ಕದಲ್ಲಿದ್ದ ದತ್ತಪ್ಪ ಮಾಸ್ತರರು ತಮ್ಮ ಚಪ್ಪಲಿ ನೋಡುತ್ತ ಕುಳಿತರು. ಅವರ ಮುಂದೆ ಕುಳಿತೇ ನಾನು ಕನ್ನಡ ತಿದ್ದಿದ್ದು. ನಮ್ಮ ಮನೆ ಅವರಿಗೆ ಗೊತ್ತು.

ಒಂದು ಖಾಲಿ ವಹಿ ಸಿಕ್ಕಿದೆ, ದಿನಚರಿ ಬರೆಯೋಣವೆಂದು ಕೂತಿದ್ದೇನೆ. ಉರ್ದೂದಲ್ಲಿ ಬರೆದರೆ ಯಾರೋ ಹಿಂದೆ ನಿಂತು ತಿದ್ದುತ್ತಿದ್ದಾರೆ ಅನಿಸುತ್ತದೆ. ಕನ್ನಡದಲ್ಲಿ ಹಾಗಿಲ್ಲ.

ಬಾಗಿಲುಗಳ ಮೇಲೆ ಜಾಜಿನ ಕೆಮ್ಮಣ್ಣಿನಿಂದ ನಂಬರು ಬರೆದದ್ದೂ ನಾನೇ. ನಮ್ಮ ಮನೆ ಮೂವತ್ತೇಳು. ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. 'ಎಪ್ಪಾ, ಇದೇನು ಬರದೀಯೋ ನಮ್ಮ ಬಾಗಲಿಗಿ? ಮೂವತ್ತೇಳು ಅಂದ್ರ ಈ ಮನ್ಯಾಗ ಮೂವತ್ತೇಳು ಮಂದಿ ಅದಾರಂತ ತಿಳ್ಕೋತಾರ. ನಾ ಒಬ್ಬಾಕಿ ಎಷ್ಟ ಮಂದಿಗಿ ರೊಟ್ಟಿ ಬಡೀಲಿ?' ಅಲ್ಲಿಂದಲೇ ಆಡಿದ ಮಾತು ಓಣಿಯ ಆ ತುದಿಗೆ ಕೇಳಿ ಅಲ್ಲಿಂದ ನಗು ಬಂತು. ಅದಕ್ಕೇ ನಮ್ಮ ಬಾಗಿಲು ಮಲಗುವ ತನಕ ಹಾಕುವುದಿಲ್ಲ. ಹಾಕಿದರೆ ಅವ್ವ ಮಾತಾಡುವುದು ಯಾರ ಸಂಗಡ?

೧೫ ಜನವರಿ, ಗುರುವಾರ

ಇಪ್ಪತ್ತನಾಲ್ಕು ಮನೆ ಮುಗಿದವು. ಇಷ್ಟು ವರ್ಷ ಇದೇ ಪೇಟೆಯಲ್ಲಿ ಬೆಳೆದು, ಇಲ್ಲಿ ಯಾರು ಯಾರಿದ್ದಾರೆಂದು ಈಗ ತಿಳಿಯುತ್ತಿದೆ. ಗಾಣಿಗರು, ಕುರುಬರು, ತೆಲುಗು ಆಡುವ ನೇಕಾರರ ಎರಡು ಮನೆ, ಒಬ್ಬ ಮಾರವಾಡಿ, ಮರಾಠರು. ಕೋಟೆಯೊಳಗೆ ಜಾಗ ಸಿಗದವರೆಲ್ಲ ಅಗಸಿ ದಾಟಿ ಬಂದು ಇಲ್ಲಿ ಗೋಡೆಗೆ ಗೋಡೆ ಹಚ್ಚಿ ಕೂತಿದ್ದಾರೆ.

ಅಂಬುಬಾಯಿಯ ಮನೆಯಲ್ಲಿ ಅರ್ಧ ತಾಸು ಹೋಯಿತು. ಗಂಡನ ಸಂಗಡ ಮರಾಠಿ, ಎಮ್ಮೆಯ ಸಂಗಡ ಕನ್ನಡ. ಮನೆಮಾತು ಯಾವುದು ಬರೆಯಲಿ ಎಂದರೆ, 'ಗಂಡ ಒಂದ ಮಾತ ಕೇಳಂಗಿಲ್ರಿ ಮಾಸ್ತರ, ಎಮ್ಮಿ ಕೇಳ್ತದ. ಎಮ್ಮೀದೇ ಬರೀರಿ' ಅಂದಳು. ಗಂಡ ಒಳಗಿನಿಂದ ಮರಾಠಿಯಲ್ಲಿ ಬೈದ. ಮರಾಠಿ ಬರೆದೆ.

ಎದುರುಮನೆಯ ಚಂದಮ್ಮ, ಅವ್ವನ ಜೀವದ ಗೆಳತಿ, ವಯಸ್ಸು ಕೇಳಿದ್ದಕ್ಕೆ 'ನಿಮ್ಮವ್ವಗಿಂತ ಎರಡ ವರ್ಷ ಕಡಿಮಿ ಬರಿ' ಅಂದಳು. ಅವ್ವ ಇತ್ತಲಿಂದ ಕೂಗಿದಳು, 'ಸುಳ್ಳ ಬರೀಬ್ಯಾಡೋ, ಆಕಿ ನನಗಿಂತ ದೊಡ್ಡಾಕಿ.' ಇಬ್ಬರ ಜಗಳ ಮಧ್ಯಾಹ್ನದವರೆಗೆ ನಡೆಯಿತು. ಸಂಜೆ ಇಬ್ಬರೂ ಒಂದೇ ಬೀಸುಕಲ್ಲಿಗೆ ಕೈಯಿಟ್ಟು ಹಾಡುತ್ತಿದ್ದರು.

ಪೇಟೆಯ ಕೊನೆಗೆ ಚಪ್ಪಲಿ ಹೊಲೆಯುವ ದಶರಥನ ಮನೆ. ಕಾಗದ ಹಿಡಿದ ಮನುಷ್ಯ ಅವನ ಅಂಗಳಕ್ಕೆ ಬಂದದ್ದು ಇದೇ ಮೊದಲಂತೆ. ಚಾಪೆ ಹಾಸಿ, ತಾನು ದೂರ ನಿಂತು ಹೇಳಿದ: 'ನಾ ಹೇಳಿದ್ದ ಅಷ್ಟೇ ಬರೀರಿ ಮಾಸ್ತರ. ಊರ ಮಂದಿ ನಮಗ ಏನಂತ ಕರೀತಾರೋ ಅದು ಬ್ಯಾಡ್ರಿ.' ಅವನು ಹೇಳಿದ್ದನ್ನೇ ಬರೆದು, ಓದಿ ತೋರಿಸಿದೆ. ಅವನಿಗೆ ಬಹಳ ಸಮಾಧಾನವಾಯಿತು. ನನಗೂ ನಾನೇನೋ ದೊಡ್ಡವನಾದಂತೆ ಅನಿಸಿತು.

೧೮ ಜನವರಿ, ರವಿವಾರ

ಇನ್ನು ಉಳಿದದ್ದು ನಮ್ಮದೇ ಪಿಂಜಾರ ಓಣಿ ಮತ್ತು ಅದರ ಹಿಂದಿನ ಕೆಲವು ಮನೆಗಳು. ಅರಳೆ ಹಿಂಜಿ ಗಾದಿ ಹೊಲಿಯುವ ಇಪ್ಪತ್ತೆರಡು ಮನೆ, ಎಲ್ಲರೂ ಮುಸಲ್ಮಾನರು, ಮನೆಯಲ್ಲಿ ಆಡುವುದು ಕನ್ನಡ. ನಮ್ಮವ್ವನಿಗಂತೂ ಕಲಮೆ ಬಿಟ್ಟರೆ ಬೇರೆ ಮಾತಿನ ಒಂದಕ್ಷರ ಬಾರದು.

ತೊಂದರೆ ಏನೆಂದರೆ, ಎರಡು ವರ್ಷದ ಹಿಂದೆ ಕೆಲಸದ ಅರ್ಜಿಯಲ್ಲಿ 'ಮನೆಮಾತು ಉರ್ದೂ' ಎಂದು ಬರೆದಿದ್ದೇನೆ. ಶಾಲೆಯಲ್ಲಿ ನಾನಿನ್ನೂ ಹಂಗಾಮಿ. ಕಾಯಂ ಮಾಡುವ ಕಾಗದ ಜಹೀರುದ್ದೀನ ಸಾಹೇಬರ ಶಿಫಾರಸಿನಿಂದಲೇ ಮೇಲೆ ಹೋಗಬೇಕು. ಅರ್ಜಿಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು ಇದ್ದರೆ ಅವರು ನನ್ನನ್ನು ಏನೆಂದುಕೊಳ್ಳಬೇಕು?

ನಾಳೆ ಹೋಗುವುದಿಲ್ಲ. ಶಾಲೆಯ ಕೆಲಸವೂ ಬಹಳ ಇದೆ.

೨೨ ಜನವರಿ, ಗುರುವಾರ. ರಮಜಾನಿನ ಎರಡನೆಯ ರೋಜಾ

ನಮ್ಮ ಮನೆಯಿಂದಲೇ ಸುರು ಮಾಡಿದೆ. ಖಾಸೀಂಬಿ, ವಿಧವೆ, ಐವತ್ತೆರಡು, ಮನೆಮಾತು ಉರ್ದೂ. ಅವ್ವನನ್ನು ಕೇಳಲೂ ಇಲ್ಲ. ಅವಳು ಪಕ್ಕದಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

ಬರೆದ ಮೇಲೆ ನೋಡಿದರೆ ಒಂದು ಪೇಚು. ಇಡೀ ಓಣಿ ಕನ್ನಡ, ನಡುವೆ ಒಂದೇ ಮನೆ ಉರ್ದೂ ಎಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಹೀಗಾಗಿ ಮೂವತ್ತೆಂಟಕ್ಕೂ ಉರ್ದೂ ಬರೆದೆ. ಆಮೇಲೆ ಮೂವತ್ತೊಂಬತ್ತಕ್ಕೆ. ಆಮೇಲೆ ಕೈ ತಾನೇ ಹೋಯಿತು.

ಲಾಡ್ಲೆಸಾಬ ಕಾಕಾ ಕಮಾನು ಹಿಡಿದು ಅರಳೆ ಹಿಂಜುತ್ತ, ಗಡ್ಡಕ್ಕೆಲ್ಲ ಅರಳೆ ಮೆತ್ತಿಕೊಂಡು ಕೂತಿದ್ದ. ಅಪ್ಪ ಸತ್ತ ಮೇಲೆ ನನಗೆ ಪಾಟಿ ಕೊಡಿಸಿ ಶಾಲೆಗೆ ಬಿಟ್ಟವನು ಅವನೇ. ಮನೆಮಾತು ಕೇಳಿದೆ. ಕೇಳಬಾರದಿತ್ತು, ಆದರೆ ಬಾಯಿಗೆ ಬಂದುಬಿಟ್ಟಿತು.

'ಹುಚ್ಚಾಗೀದಿ ಏನೋ, ಈಗ ನಿನ್ನ ಕೂಡ ಏನ್ ಮಾತಾಡಾಕತ್ತೇನಿ? ಕನ್ನಡ ಅಲ್ದ ಏನು?'

'ಹೌದು ಕಾಕಾ,' ಎಂದೆ. ಉರ್ದೂ ಬರೆದೆ.

'ಬರದದ್ದ ಓದಿ ತೋರ್ಸು. ದಶರಥಗ ಓದಿ ತೋರ್ಸೀದಿ ಅಂತಲ್ಲ.'

ಓದಿದೆ. ಹೆಸರು ಓದಿದೆ, ವಯಸ್ಸು ಓದಿದೆ, ಮನೆಮಾತು ಕನ್ನಡ ಎಂದು ಓದಿದೆ. ಕಾಗದದಲ್ಲಿ ಇದ್ದದ್ದು ಬೇರೆ. ಕಾಕಾನಿಗೆ ಓದಲು ಬರುವುದಿಲ್ಲ. 'ಶ್ಯಾಣ್ಯಾ ಅದಿ' ಎಂದು ತಲೆ ಮೇಲೆ ಕೈಯಾಡಿಸಿದ. ಟೋಪಿಗೆ ಅರಳೆ ಹತ್ತಿತ್ತು. ಮನೆಗೆ ಬಂದ ಮೇಲೆ ಅವ್ವ ಆರಿಸಿ ತೆಗೆದಳು.

೨೩ ಜನವರಿ, ಶುಕ್ರವಾರ

ಮನೆಮಾತಿನ ಪಕ್ಕದಲ್ಲಿ 'ಇತರ ಭಾಷೆ' ಎಂದು ಇನ್ನೊಂದು ಅಂಕಣ ಇದೆ. ಅಲ್ಲಿ ಇಪ್ಪತ್ತೆರಡು ಮನೆಗೂ ಕನ್ನಡ ಎಂದು ತುಂಬಿದ್ದೇನೆ. ಅಂದರೆ ಕನ್ನಡವನ್ನು ತೆಗೆದುಹಾಕಿಲ್ಲ, ಪಕ್ಕಕ್ಕೆ ಕೂರಿಸಿದ್ದೇನೆ ಅಷ್ಟೆ. ಇದರಿಂದ ಯಾರ ರೊಟ್ಟಿಯೂ ಕಡಿಮೆಯಾಗುವುದಿಲ್ಲ. ಹೈದರಾಬಾದಿನಲ್ಲಿ ಕೂಡಿಸಿ ಕಟ್ಟಿಡುತ್ತಾರೆ. ಇಷ್ಟಕ್ಕೆ ಮನಸ್ಸಿಗೆ ಹಚ್ಚಿಕೊಳ್ಳುವುದು ನನ್ನ ದಡ್ಡತನ.

೨೯ ಜನವರಿ, ಗುರುವಾರ

ಆಗಬಾರದ್ದು ಆಯಿತು.

ಸಾಹೇಬರು ತಪಾಸಣೆಗೆ ಬಂದರು. ಹತ್ತು ಮನೆಗೊಂದು ಮನೆ ಕೇಳಿ ನೋಡುವುದು ಪದ್ಧತಿ. ಅಂಬುಬಾಯಿಯ ಮನೆ ನೋಡಿದರು, ದಶರಥನದು ನೋಡಿದರು, ಸಂತೋಷಪಟ್ಟರು. ಪಿಂಜಾರ ಓಣಿಗೆ ಬಂದಾಗ ಪುಸ್ತಕ ತಿರುವಿ, 'ಮೂವತ್ತೇಳು ನಿಮ್ಮ ಮನೆಯೇ? ಹಾಗಾದರೆ ಅಮ್ಮೀಜಾನರನ್ನೇ ಕೇಳೋಣ. ಅವರ ಬಾಯಿಂದ ನಾಲ್ಕು ಮಾತು ಕೇಳಿದ ಹಾಗೂ ಆಯಿತು' ಎಂದರು.

ಅವ್ವ ಬಾಗಿಲಲ್ಲೇ ಇದ್ದಳು. ತಲೆ ತುಂಬ ಸೆರಗು ಹೊದ್ದು, ಸಲಾಮು ಮಾಡಿ ನಿಂತಳು. ದೊಡ್ಡವರು ಮನೆಗೆ ಬಂದದ್ದಕ್ಕೆ ಮುಖವೆಲ್ಲ ನಗು. ಸಾಹೇಬರು ಉರ್ದೂದಲ್ಲಿ, ಆರಾಮವೇ ಅಮ್ಮಾ, ರೋಜಾ ಹೇಗೆ ನಡೆದಿದೆ ಎಂದು ಕೇಳಿದರು. ಅವ್ವನಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದಳು. ಅವಳ ತುಟಿಯ ಮೇಲೆ 'ಬರ್ರಿ' ಬಂದದ್ದು ನನಗೆ ಕಂಡಿತು.

'ಸಾಹೇಬ್, ಅಮ್ಮನಿಗೆ ಮಾತು ಬರುವುದಿಲ್ಲ. ಕಿವಿಯೂ ಕೇಳಿಸದು. ಮೂಕಿ,' ಎಂದುಬಿಟ್ಟೆ. ಉರ್ದೂದಲ್ಲಿ ಅಂದೆ. ಅಂದು, ಅವ್ವನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

ಉರ್ದೂ ತಿಳಿಯದಿದ್ದರೂ ಬೆರಳು ಎಲ್ಲರಿಗೂ ತಿಳಿಯುತ್ತದೆ. ಅವ್ವ ತೆರೆದ ಬಾಯಿ ಮುಚ್ಚಿದಳು. ನನ್ನನ್ನೊಮ್ಮೆ ನೋಡಿದಳು, ಸಾಹೇಬರನ್ನು ನೋಡಿದಳು, ಆಮೇಲೆ ತಾನೇ ಮೆಲ್ಲಗೆ ತಲೆ ಅಲ್ಲಾಡಿಸಿ ಬಾಯಿಗೂ ಕಿವಿಗೂ ಕೈ ಮಾಡಿ ತೋರಿಸಿದಳು. ನಾನು ಹೇಳಿಕೊಡದ್ದನ್ನೂ ಸೇರಿಸಿ ತೋರಿಸಿದಳು.

ಸಾಹೇಬರು ಬಹಳ ನೊಂದರು. 'ಮಾಸ್ಟರ್ ಸಾಬ್, ನೀವು ಎಂದೂ ಹೇಳಲೇ ಇಲ್ಲ,' ಎಂದು ಹೆಗಲ ಮೇಲೆ ಕೈಯಿಟ್ಟರು. ಪುಸ್ತಕದ ಕೊನೆಯ ಅಂಕಣ ಖಾಲಿ ಇದ್ದದ್ದನ್ನು ತೋರಿಸಿ, ತಮ್ಮವರೆಂದು ನಾಚಿಕೊಂಡು ಬಿಡಬಾರದು, ಇದನ್ನೂ ತುಂಬಿರಿ ಎಂದರು. ಅವರೆದುರಿಗೇ ತುಂಬಿದೆ. ಕಪ್ಪು ಶಾಯಿಯಲ್ಲಿ, ನನ್ನ ಕೈಯಾರ. ಖಾಸೀಂಬಿ, ಮೂಕಿ, ಕಿವುಡಿ.

ಇಡೀ ಪೇಟೆಗೆ ಕೇಳುವಂತೆ ಮಾತಾಡುವ ನನ್ನ ಅವ್ವ.

೩೦ ಜನವರಿ, ಶುಕ್ರವಾರ

ಬೆಳಗಿನ ಜಾವ ಸಹರಿಯ ಊಟಕ್ಕೆ ಎಬ್ಬಿಸುವಾಗ ಅವ್ವ ಹೆಸರು ಹಿಡಿದು ಕೂಗಲಿಲ್ಲ, ಕಾಲು ಅಲ್ಲಾಡಿಸಿದಳು. ನಿನ್ನೆಯದಕ್ಕೆ ಬೈಯುವಳೆಂದು ಕಾದೆ. ಬೈಯಲಿಲ್ಲ. ಒಳ್ಳೆಯದೇ ಆಯಿತು.

೪ ಫೆಬ್ರುವರಿ, ಬುಧವಾರ

ಸಾಹೇಬರು ಶಾಲೆಗೇ ಹೇಳಿಕಳಿಸಿ ಕರೆಸಿದರು. ಕಾಯಂ ಕಾಗದದ ಮಾತೆಂದುಕೊಂಡು ಓಡಿದೆ. ಅವರು ಮೇಜಿನ ಕೆಳಗಿಂದ ಒಂದು ಚಿಕ್ಕ ತಂಬಿಗೆ ತೆಗೆದು ಕೊಟ್ಟರು. ಬಾಯಿಗೆ ಬಟ್ಟೆ ಬಿಗಿದಿತ್ತು. ದರ್ಗಾಕ್ಕೆ ಹೋಗಿ ದುವಾ ಓದಿಸಿದ ನೀರು. ಸಾಹೇಬರ ಹೆಂಡತಿ ಗೌಸಿಯಾಬೇಗಂ ಅವರು ಬರಿಗಾಲಲ್ಲಿ ನಡೆದು ಹೋಗಿ ತಂದದ್ದಂತೆ. ಏಳು ದಿನ, ರೋಜಾ ಬಿಡುವ ಹೊತ್ತಿಗೆ ಒಂದೊಂದು ಗುಟುಕು ಕುಡಿಸಿ, ಅಲ್ಲಾಹ್ ಬಾಯಿ ಕೊಟ್ಟಾನು ಎಂದರು.

ತಂಬಿಗೆ ಹಿಡಿದು ಮನೆಗೆ ಬರುವಾಗ ಅಗಸಿಯ ಹತ್ತಿರ ಚೆಲ್ಲಿಬಿಡಬೇಕೆಂದು ನಿಂತೆ. ಧೈರ್ಯವಾಗಲಿಲ್ಲ. ದರ್ಗಾದ ನೀರನ್ನು ನೆಲಕ್ಕೆ ಹೇಗೆ ಚೆಲ್ಲುವುದು? ಮನೆಗೆ ತಂದು, ಸಾಹೇಬರ ಮನೆಯವರು ಕೊಟ್ಟಿದ್ದಾರೆ ಎಂದಷ್ಟೇ ಹೇಳಿದೆ. ಯಾತಕ್ಕೆಂದು ಅವ್ವ ಕೇಳಲಿಲ್ಲ. ಕಣ್ಣಿಗೊತ್ತಿಕೊಂಡು ಒಂದು ಗುಟುಕು ಕುಡಿದಳು.

ಆಮೇಲೆ ಶಮಶಾದಳ ಮನೆಗೆ ಎದ್ದು ಹೋದಳು. ಶಮಶಾದ ಪಕ್ಕದ ಮನೆಯ ಸೊಸೆ, ಬೀದರಿನ ಹುಡುಗಿ, ಅವಳ ಉರ್ದೂ ನಮ್ಮ ಓಣಿಯಲ್ಲಿ ನನ್ನನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅವಳ ಸಂಗಡ ಅವ್ವನಿಗೆ ಏನು ಕೆಲಸವೋ. ಈಗೀಗ ದಿನಾ ಹೋಗುತ್ತಾಳೆ. ರೊಟ್ಟಿ ತಣ್ಣಗಾಗಿರುತ್ತದೆ.

೧೦ ಫೆಬ್ರುವರಿ, ಮಂಗಳವಾರ

ತಪಾಸಣೆ ಮುಗಿದಿದೆ, ಪುಸ್ತಕ ಚೊಕ್ಕ ಇದೆಯೆಂದು ಸಾಹೇಬರು ಹೊಗಳಿದ್ದಾರೆ, ಶಾಲೆಯಲ್ಲೂ ಎಲ್ಲ ಸರಿಯಿದೆ. ಆದರೂ ಮನೆಗೆ ಬಂದರೆ ಒಂಥರ ಬಿಕೋ ಅನಿಸುತ್ತದೆ. ರಮಜಾನಿನ ದಣಿವಿರಬೇಕು.

ಚಂದಮ್ಮ ದಾರಿಯಲ್ಲಿ ಅಡ್ಡಹಾಕಿದಳು. 'ಗನೀ, ನಿಮ್ಮವ್ವಗ ಏನಂದೀಯೋ? ಬೀಸಾಕ ಬರ್ತಾಳ, ಹಾಡಂದ್ರ ಹಾಡಂಗಿಲ್ಲ. ನಾ ಒಬ್ಬಾಕೀನೇ ಎಷ್ಟಂತ ಹಾಡ್ಲಿ?'

ಏನೂ ಅಂದಿಲ್ಲ ಎಂದೆ. ಖರೆಯೇ ಇದೆ, ನಾನು ಅವ್ವನಿಗೆ ಏನೂ ಅಂದಿಲ್ಲ.

ಬರುವಾಗ ಶಮಶಾದಳ ಮನೆಯಿಂದ ಇಬ್ಬರು ಹೆಂಗಸರ ನಗು ಕೇಳಿಸಿತು. ನಾನು ಕೆಮ್ಮಿದ ಕೂಡಲೇ ನಿಂತಿತು.

೧೬ ಫೆಬ್ರುವರಿ, ಸೋಮವಾರ

ನಿನ್ನೆ ಶಿವರಾತ್ರಿ. ಚಂದಮ್ಮನದು ಉಪವಾಸ, ಅವ್ವನದು ರೋಜಾ. ಬೇರೆ ವರ್ಷವಾಗಿದ್ದರೆ ಯಾರ ಉಪವಾಸ ಕಡಕ್ ಎಂದು ಇಬ್ಬರೂ ಕಟ್ಟೆಗೆ ಕೂತು ವಾದ ಮಾಡಿ ಓಣಿಯನ್ನೆಲ್ಲ ನಗಿಸುತ್ತಿದ್ದರು. ನಿನ್ನೆ ಕಟ್ಟೆ ಖಾಲಿ ಇತ್ತು.

ಅವ್ವ ಕಡೆಯ ಸಲ ನನ್ನ ಹೆಸರು ಹಿಡಿದು ಕರೆದದ್ದು ಯಾವಾಗ? ಈ ವಹಿಯ ಹಿಂದಿನ ಹಾಳೆಗಳನ್ನು ತಿರುವಿದೆ. ಮೊದಮೊದಲು ಅವಳ ಮಾತು ಬರೆದೇ ಹಾಳೆ ತುಂಬಿದೆ. ೨೯ನೇ ತಾರೀಖಿನ ಮೇಲೆ ಒಂದೂ ಇಲ್ಲ. ನಾನು ಬರೆದಿಲ್ಲವೋ, ಅವಳು ಆಡಿಲ್ಲವೋ? ಹದಿನೆಂಟು ದಿನ.

೧೯ ಫೆಬ್ರುವರಿ, ಗುರುವಾರ. ಈದ್

ಇವತ್ತಿನದನ್ನು ಬರೆಯದೆ ಬಿಡಲಾರೆ.

ನಮಾಜು ಮುಗಿಸಿ ಬರುವಷ್ಟರಲ್ಲಿ ಓಣಿಯಲ್ಲಿ ಟಾಂಗಾ ನಿಂತಿತ್ತು. ಗೌಸಿಯಾಬೇಗಂ ಅವರು ಅವ್ವನನ್ನು ನೋಡಲು ಬಂದಿದ್ದರು. ನಮ್ಮ ಮಣ್ಣಿನ ನೆಲದ ಮೇಲೆ ಅವ್ವನ ಎದುರಿಗೆ ಕೂತು, ಅವಳ ಎರಡೂ ಕೈ ಹಿಡಿದುಕೊಂಡು, ಕೇಳಿಸದು ಎಂದು ಗೊತ್ತಿದ್ದೂ ಮೆಲ್ಲಗೆ ಏನೇನೋ ಹೇಳುತ್ತಿದ್ದರು. ಬೇರೆಯವರ ತಾಯಿಗೆ ಇಷ್ಟು ಮರುಗುವವರನ್ನು ನಾನು ನೋಡಿಲ್ಲ. ಅವ್ವ ಹೊಸ ಸೀರೆಯುಟ್ಟು, ತುಟಿ ಬಿಗಿದು, ತಲೆ ಆಡಿಸುತ್ತ ಕೂತಿದ್ದಳು. ತನ್ನ ಮನೆಯಲ್ಲಿ, ಹಬ್ಬದ ದಿನ.

ಪ್ರತಿ ಈದಿಗೆ ಚಂದಮ್ಮ ನಮ್ಮಲ್ಲಿ ಶಾವಿಗೆ ಹಾಲಿನ ಸುರಕುಂಬಾ ಕುಡಿಯಲು ಬರುತ್ತಾಳೆ. ಅವ್ವ ಬಾಗಿಲಿಗೆ ನಿಂತು ಕೂಗಿ ಕರೆಯುವುದು, ಅವಳು ತಡಮಾಡಿದಂತೆ ಮಾಡಿ ಬರುವುದು, ಇದು ನಾನು ಹುಟ್ಟುವ ಮೊದಲಿನಿಂದ ನಡೆದಿದೆ. ಈ ಸಲ ಕರೆ ಹೋಗಿಲ್ಲ. ಕಾದು ಕಾದು ತಾನೇ ಬಂದು ಬಾಗಿಲಲ್ಲಿ ನಿಂತಳು.

'ಖಾಸೀಮವ್ವಾ, ಹಬ್ಬದ ದಿನಾ ಸೈತ ಕರೀಲಿಲ್ಲ ನೀ. ನಾ ಏನ್ ತಪ್ಪ ಮಾಡೇನಿ ಹೇಳು. ಬೈದರ ಬೈ, ಸುಮ್ಮ ಕುಂದರಬ್ಯಾಡ ಬೇ.'

ಬೇಗಂ ಅವರು ನನ್ನ ಕಡೆ ತಿರುಗಿ, ಈಕೆ ಏನನ್ನುತ್ತಾಳೆ ಎಂದು ಕೇಳಿದರು. 'ಈದ್ ಮುಬಾರಕ್ ಹೇಳುತ್ತಿದ್ದಾಳೆ' ಎಂದು ಉರ್ದೂದಲ್ಲಿ ಹೇಳಿದೆ. ಚಂದಮ್ಮ ನನ್ನನ್ನು ಕೇಳಿದಳು, 'ಗನೀ, ಏನಾಗೇದೋ ನಿಮ್ಮವ್ವಗ?' 'ಗಂಟಲ ಕಟ್ಟೇದ' ಎಂದು ಕನ್ನಡದಲ್ಲಿ ಹೇಳಿದೆ. ಎರಡು ಭಾಷೆ ಚೆನ್ನಾಗಿ ಬರುವುದರ ಉಪಯೋಗ ಇದು.

ಅವ್ವ ಎದ್ದು ಬಟ್ಟಲು ತುಂಬ ಸುರಕುಂಬಾ ತಂದು ಚಂದಮ್ಮನ ಕೈಯಲ್ಲಿಟ್ಟು, ಆ ಕೈ ಬಿಡದೆ ಗಟ್ಟಿಯಾಗಿ ಹಿಡಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಚಂದಮ್ಮ ಆ ಕಣ್ಣೀರು ನೋಡಿ, ಆಮೇಲೆ ನನ್ನನ್ನು ನೋಡಿದಳು. ಬಟ್ಟಲನ್ನು ಮುಟ್ಟದೆ ಅಲ್ಲೇ ಇಟ್ಟು ಹೋದಳು.

ನಾನು ಕೆಟ್ಟವನು. ಬೇರೆ ಯಾವ ಮಾತಿನಲ್ಲಿ ಬರೆದರೂ ಅದು ಅಷ್ಟೇ.

೨೨ ಫೆಬ್ರುವರಿ, ರವಿವಾರ

ಕೆಂಪು ಶಾಯಿಯ ದೌತಿ ಕೊಟ್ಟಿದ್ದಾರೆ. ಮೂರು ದಿನದಿಂದ ಕಿಟಕಿಯಲ್ಲಿದೆ.

ತಿದ್ದಿದರೆ ಸಾಹೇಬರಿಗೆ ತಿಳಿಯುತ್ತದೆ. ಅರ್ಜಿ ಸುಳ್ಳು, ಪುಸ್ತಕ ಸುಳ್ಳು, ತಾಯಿಯ ಮೂಕತನ ಸುಳ್ಳು. ಕಾಯಂ ಹೋಗಲಿ, ಹಂಗಾಮಿಯೂ ಉಳಿಯುವುದಿಲ್ಲ. ತಿದ್ದದಿದ್ದರೆ ಇದು ಕಟ್ಟಿ ಹೈದರಾಬಾದಿಗೆ ಹೋಗುತ್ತದೆ. ಖಾಸೀಂಬಿ ಎಂಬ ಮೂಕಿ ಆಳಂದದಲ್ಲಿದ್ದಳೆಂದು ನಾನು ಸತ್ತ ಮೇಲೂ ಆ ಹಾಳೆ ಹೇಳುತ್ತಿರುತ್ತದೆ.

ದಶರಥ ಇವತ್ತು ಸಿಕ್ಕು, 'ನನ್ನದು ಹಂಗೇ ಅದಲ್ರಿ, ಯಾರೂ ತಿದ್ದಿಲ್ಲಲ್ರಿ?' ಎಂದು ಕೇಳಿದ. ಹಾಗೇ ಇದೆ ಎಂದೆ. ಆ ಪುಸ್ತಕದಲ್ಲಿ ಧೈರ್ಯವಾಗಿ ಹೇಳಬಹುದಾದ ಸಾಲು ಅವನದೇ ಇದ್ದೀತು.

ತಿದ್ದುತ್ತೇನೆ.

೨೬ ಫೆಬ್ರುವರಿ, ಗುರುವಾರ

ದೀಪ ಹಚ್ಚುವ ಹೊತ್ತಿಗೆ ಹೊರಟೆ. ಬೇರೆ ಮನೆಗಳಲ್ಲಿ ಹೆಚ್ಚೇನೂ ಇರಲಿಲ್ಲ. ಗಾಣಿಗರಲ್ಲಿ ಒಂದು ಕೂಸು ಹುಟ್ಟಿದೆ, ಅದನ್ನು ಸೇರಿಸಿದೆ. ಪಿಂಜಾರ ಓಣಿಗೆ ಬಂದು ಒಂದೊಂದು ಮನೆಯಲ್ಲೂ ಮತ್ತೆ ಕೇಳಿದೆ, ಮತ್ತೆ ಬರೆದೆ. ಉರ್ದೂ ಹೊಡೆದು ಕನ್ನಡ. ಇಪ್ಪತ್ತೊಂದು ಮನೆ. ಬೆರಳೆಲ್ಲ ಕೆಂಪಾಯಿತು.

ಲಾಡ್ಲೆಸಾಬ ಕಾಕಾ ಕಂದೀಲು ಹಿಡಿದು ಬೆಳಕು ತೋರಿಸಿದ. 'ಕೆಂಪ ಯಾಕೋ?'

'ತಪ್ಪಾಗಿತ್ತು ಕಾಕಾ. ನೀ ಕನ್ನಡ ಅಂದಿದ್ದಿ, ನಾ ಉರ್ದೂ ಬರದಿದ್ದೆ. ನಿನಗ ಓದಿ ತೋರಿಸಿದ್ದು ಸುಳ್ಳು.'

ಕಾಕಾ ಕಂದೀಲು ಕೆಳಗಿಟ್ಟ. 'ನಿನ್ನ ಕಿವಿ ನೆಟ್ಟಗ ಇದ್ವಲ್ಲೋ ತಮ್ಮಾ,' ಎಂದ. ಅಷ್ಟೇ ಅಂದ. ಹೊಡೆದಿದ್ದರೆ ಹಗುರಾಗುತ್ತಿತ್ತು.

ಕೊನೆಗೆ ಮೂವತ್ತೇಳು. ಮಗನಾಗಿ ಒಳಗೆ ಹೋಗಿ ತಿದ್ದಿದರೆ ಸಾಲದು, ಅವತ್ತು ಕೇಳದೆ ಬರೆದದ್ದನ್ನು ಇವತ್ತು ಕೇಳಿಯೇ ಬರೆಯಬೇಕು ಅನಿಸಿತು. ಹೊಸ್ತಿಲ ಹೊರಗೆ ನಿಂತು, ಉಳಿದವರಿಗೆ ಕೇಳಿದಂತೆಯೇ ಕೇಳಿದೆ: 'ನಿಮ್ಮ ಹೆಸರೇನ್ರೀ? ಮನೆಮಾತು ಯಾವುದ್ರೀ?'

ಅವ್ವ ದಡಬಡಿಸಿ ಎದ್ದಳು. ಸೆರಗು ಸರಿಮಾಡಿಕೊಂಡಳು. ಅಲ್ಲಿ ಸಾಹೇಬರು ನಿಂತಿದ್ದಾರೆಂದುಕೊಂಡು ನನ್ನ ಹಿಂದಿನ ಕತ್ತಲಿಗೆ ಒಂದು ಸಲಾಮು ಮಾಡಿದಳು. ಆಮೇಲೆ ಶಾಲೆಯ ಹುಡುಗರು ಪಾಠ ಒಪ್ಪಿಸುವಾಗ ನಿಲ್ಲುವ ಹಾಗೆ ನಿಂತು, ಒಂದೊಂದೇ ಬೆರಳು ಮಡಿಚುತ್ತ ಹೇಳಿದಳು:

'ಮೇರಾ ನಾಮ ಖಾಸೀಂಬಿ ಸಾಬ. ಮೇರೀ ಜುಬಾನ ಉರ್ದೂ ಸಾಬ. ಅಲ್ಲಾಕೇ ಕರಮ್‌ಸೇ ಮಯ್ ಬಾತ್ ಕರತೂಂ ಸಾಬ.'

ಇಪ್ಪತ್ತೆಂಟು ದಿನದ ಮೇಲೆ ಅವ್ವನ ದನಿ ಕೇಳಿದ್ದು. ಅದು ಈ ಮೂರು ಸಾಲು: ನನ್ನ ಹೆಸರು ಖಾಸೀಂಬಿ, ನನ್ನ ಮಾತು ಉರ್ದೂ, ಅಲ್ಲಾಹನ ದಯೆಯಿಂದ ನಾನು ಮಾತಾಡುತ್ತೇನೆ. ಶಮಶಾದಳ ಮನೆಯ ಕೆಲಸ ಇದು. ನನ್ನ ಸುಳ್ಳನ್ನು ಖರೆ ಮಾಡಲಿಕ್ಕೆ ಈ ವಯಸ್ಸಿನಲ್ಲಿ ದಿನಾ ಹೋಗಿ ಕೂತು ಕಲಿತಿದ್ದಾಳೆ. ಕಲಿಯುವ ತನಕ ಎಲ್ಲಿ ಕನ್ನಡ ಬಾಯಿಗೆ ಬಂದು ನನ್ನ ಕೆಲಸ ಹೋದೀತೋ ಎಂದು ಯಾರ ಸಂಗಡವೂ ತುಟಿ ಬಿಚ್ಚಿಲ್ಲ. ಚಂದಮ್ಮನ ಸಂಗಡ ಸಹ. ನಾನು ರೊಟ್ಟಿ ತಣ್ಣಗಾಯಿತೆಂದು ಬರೆಯುತ್ತ ಕೂತಿದ್ದೆ.

'ಅವ್ವ, ಕನ್ನಡದಾಗ ಹೇಳು. ಖರೇದ್ದು ಹೇಳು,' ಎಂದೆ. ಅವಳು ಹೆದರಿ ಮತ್ತೆ ಕತ್ತಲಿನ ಕಡೆ ನೋಡಿ, ಅದನ್ನೇ ಇನ್ನೊಮ್ಮೆ ಒಪ್ಪಿಸಿದಳು. ಈ ಸಲ ಗಟ್ಟಿಯಾಗಿ.

ಹೇಳಿದ್ದನ್ನು ಬರೆಯಿರಿ, ನಿಮ್ಮ ತಲೆಯಿಂದ ಸೇರಿಸಬೇಡಿರಿ. ಇಪ್ಪತ್ತೊಂದು ಮನೆಯಲ್ಲಿ ಇವತ್ತು ಆ ನಿಯಮ ಪಾಲಿಸಿ ಬಂದಿದ್ದೆ. ಇಲ್ಲಿಯೂ ಪಾಲಿಸಿದೆ. 'ಮೂಕಿ, ಕಿವುಡಿ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ಮನೆಮಾತನ್ನು ಮುಟ್ಟಲಿಲ್ಲ. ಆ ಓಣಿಯಲ್ಲಿ ಉರ್ದೂ ಎಂದು ಉಳಿದದ್ದು ಒಂದೇ ಮನೆ, ನಮ್ಮದು.

೨೭ ಫೆಬ್ರುವರಿ, ಶುಕ್ರವಾರ

ಪುಸ್ತಕ ಒಪ್ಪಿಸಿ ಬಂದೆ.

ಸಾಹೇಬರ ಕಣ್ಣು ಮೊದಲು ಮೂವತ್ತೇಳಕ್ಕೇ ಹೋಯಿತು. ಮೂಕಿ ಎಂಬುದರ ಮೇಲೆ ಕೆಂಪು ಗೆರೆ ನೋಡಿ ಕುರ್ಚಿಯಿಂದ ಎದ್ದರು. 'ಮಾತು ಬಂತೇ? ಬಂತೇ?' ಅವರ ಕಣ್ಣಲ್ಲಿ ನೀರಿತ್ತು. ಹೌದು ಎಂದು ಒಂದು ಮಾತು ಹೇಳಿದ್ದರೆ ಎಲ್ಲವೂ ಉಳಿಯುತ್ತಿತ್ತು. ದರ್ಗಾದ ನೀರಿನ ಮಹಿಮೆಯೂ ಆಗುತ್ತಿತ್ತು, ನನ್ನ ಕೆಲಸವೂ ಆಗುತ್ತಿತ್ತು. ಅದು ನಾಲಿಗೆಯ ತನಕ ಬಂದಿತ್ತು ಎಂಬುದನ್ನು ಬರೆದಿಡಬೇಕು.

'ಎಂದೂ ಹೋಗಿರಲಿಲ್ಲ ಸಾಹೇಬ್. ನಾನೇ ತೆಗೆದಿದ್ದೆ,' ಎಂದೆ. ಮೊದಲಿನಿಂದ ಎಲ್ಲವನ್ನೂ ಹೇಳಿದೆ, ಅರ್ಜಿಯದ್ದು ಸಹ.

ಅವರು ಕೂತರು. ಕನ್ನಡಕ ತೆಗೆದು ಒರೆಸಿದರು. 'ನನ್ನ ಮನೆಯವರು ನಿನ್ನೆಯೂ ನಿಮ್ಮ ತಾಯಿಯ ಹೆಸರಿನಲ್ಲಿ ದುವಾ ಕೇಳಿದ್ದಾರೆ. ಅವರಿಗೆ ನಾನೇನು ಹೇಳಲಿ?' ಎಂದರು. ಮೇಜಿನ ಮೇಲಿನ ಕಟ್ಟಿನಿಂದ ನನ್ನ ಕಾಯಂ ಕಾಗದವನ್ನು ಎಳೆದು ಬೇರೆಯಾಗಿ ಇಟ್ಟು, ಹೋಗಿರಿ ಎಂದು ಕೈ ಮಾಡಿದರು.

ಮನೆಗೆ ಬಂದಾಗ ಅವ್ವ ಬೀಸುಕಲ್ಲಿನ ಮುಂದೆ ಕಾಳು ಹಸನು ಮಾಡುತ್ತ ಕೂತಿದ್ದಳು. ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. 'ಅವ್ವ, ಸಾಹೇಬರಿಗೆ ಎಲ್ಲಾ ಖರೆ ಹೇಳಿ ಬಂದೇನಿ. ಇನ್ನ ಯಾರೂ ಕೇಳಂಗಿಲ್ಲ. ನೀ ಮಾತಾಡು. ನನಗ ಬೈ.'

ಅವಳು ನನ್ನನ್ನು ನಂಬಲೋ ಬೇಡವೋ ಎಂದು ನೋಡಿದಳು. ಆಮೇಲೆ ನನ್ನ ಹೆಗಲಾಚೆ ಬಾಗಿಲ ಕಡೆ ನೋಡಿ, ಬಹಳ ಸಣ್ಣ ದನಿಯಲ್ಲಿ ಕೇಳಿದಳು.

'ಸಾಹೇಬ್ರು ಹೋದ್ರೇನು?'

ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಎದುರುಮನೆಯ ಕಟ್ಟೆಯ ಮೇಲೆ ಚಂದಮ್ಮ ಒಬ್ಬಳೇ ಕೂತಿದ್ದಳು.

'ಹೋದರವ್ವ,' ಎಂದೆ.

'ಹಂಗಾರ ಆ ಬಾಗಲಾ ಮುಂದಕ್ ಮಾಡಿ ಬಾ. ಆಮ್ಯಾಲ ಮಾತಾಡ್ತೇನಿ.'

ಎದ್ದು ಹೋಗಿ ಬಾಗಿಲು ಹಾಕಿದೆ. ಹಗಲು ಹೊತ್ತು ನಮ್ಮ ಮನೆಯ ಬಾಗಿಲು ಹಾಕಿದ್ದು ನಾನು ಕಂಡಂತೆ ಇದೇ ಮೊದಲು.